ಮುಯ್ಯಿ ಕೊಡುವುದು, ಬರೆದಿಡುವುದು, ತೀರಿಸುವುದು: ಮದುವೆ ಉಡುಗೊರೆಗೊಂದು ಸಮಗ್ರ ಮಾರ್ಗದರ್ಶಿ

ಧಾರೆ ಮುಗಿದು ಅಕ್ಷತೆ ಬಿದ್ದ ಮೇಲೆ ನಮ್ಮ ಮದುವೆಗಳಲ್ಲಿ ಒಂದು ಸಾಲು ಏಳುತ್ತದೆ. ಒಬ್ಬರ ಕೈಯಲ್ಲಿ ಕವರು, ಇನ್ನೊಬ್ಬರ ಕಂಕುಳಲ್ಲಿ ಬಣ್ಣದ ಕಾಗದ ಸುತ್ತಿದ ಪೊಟ್ಟಣ. ಮಂಟಪದ ಪಕ್ಕದಲ್ಲೋ ಛತ್ರದ ಬಾಗಿಲಲ್ಲೋ ಒಂದು ಮೇಜು, ಅದರ ಮೇಲೆ ಅರಿಸಿನ ಕುಂಕುಮ ಹಚ್ಚಿದ ಉದ್ದನೆಯ ಪುಸ್ತಕ. ಹಳೆ ಮೈಸೂರಿನ ಕಡೆ ಇದು ಮುಯ್ಯಿ, ಉತ್ತರ ಕರ್ನಾಟಕದ ಕಡೆ ಆಯೇರಿ. ಪುರೋಹಿತರು ಕೊಟ್ಟವರ ಹೆಸರು ಹೇಳಿ ಗಟ್ಟಿಯಾಗಿ ಓದುತ್ತಿದ್ದ ಕಾಲದ ನೆನಪಿನಿಂದ ಕೆಲವರು ಈಗಲೂ ‘ಓದಿಸುವುದು’ ಎನ್ನುತ್ತಾರೆ.

ಈ ಪದ್ಧತಿಯನ್ನು ಬರೀ ಆಡಂಬರವೆಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಮನೆಗೆ ಒಮ್ಮೆಲೇ ದೊಡ್ಡ ಖರ್ಚು ಬಿದ್ದಾಗ ನೂರು ಮನೆಗಳು ಚೂರುಚೂರು ಹೊತ್ತುಕೊಂಡು, ಆ ಮನೆ ಮುಂದೆ ವರ್ಷಗಟ್ಟಲೆ ಒಂದೊಂದಾಗಿ ಹಿಂದಿರುಗಿಸುತ್ತಾ ಹೋಗುವ ಏರ್ಪಾಡಿದು; ಬಡ್ಡಿಯಿಲ್ಲದ, ಕಾಗದಪತ್ರವಿಲ್ಲದ ಚೀಟಿ ವ್ಯವಹಾರದಂತೆ. ಅದು ನಡೆಯುವುದು ನಂಬಿಕೆಯ ಮೇಲೆ, ಆ ನಂಬಿಕೆ ಉಳಿಯುವುದು ಸರಿಯಾಗಿ ಬರೆದಿಟ್ಟ ಪುಸ್ತಕದಿಂದ. ಮೊತ್ತದ ಬಗ್ಗೆ ತಲೆ ಕೆಡಿಸಿಕೊಳ್ಳುವಷ್ಟು ನಾವು ಪುಸ್ತಕದ ಬಗ್ಗೆ ಯೋಚಿಸುವುದಿಲ್ಲ. ಈ ಬರಹದಲ್ಲಿ ಆ ಪುಸ್ತಕಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲ ಭಾಗ: ಕೊಡುವವರಿಗೆ

ಹಳೆಯ ಪುಸ್ತಕ ತೆಗೆದು ನೋಡಿ

ಲಗ್ನಪತ್ರಿಕೆ ಕೈಗೆ ಬಂದ ಕೂಡಲೇ ಮಾಡಬೇಕಾದ ಕೆಲಸ ಬೀರುವಿನಿಂದ ನಿಮ್ಮ ಮನೆಯ ಮುಯ್ಯಿ ಪುಸ್ತಕ ತೆಗೆಯುವುದು. ನಿಮ್ಮ ಮದುವೆ, ನಿಮ್ಮ ಅಕ್ಕತಂಗಿಯರ ಮದುವೆ, ಮನೆ ಗೃಹಪ್ರವೇಶ, ಮಗುವಿನ ನಾಮಕರಣ, ಇವುಗಳಲ್ಲಿ ಎಲ್ಲಾದರೂ ಆ ಮನೆಯವರ ಹೆಸರಿದೆಯೇ ಎಂದು ಹುಡುಕಿ. ಹೆಸರು ಸಿಗದಿದ್ದರೆ ಮನೆಯ ಹಿರಿಯರನ್ನು ಕೇಳಿ. ‘ನಿಮ್ಮ ತಾತ ತೀರಿಕೊಂಡಾಗ ಅವರು ಒಂದು ಮೂಟೆ ಅಕ್ಕಿ ಹೊತ್ತು ತಂದಿದ್ದರು’ ಎಂಬಂಥ ಸಂಗತಿಗಳು ಯಾವ ಪುಸ್ತಕದಲ್ಲೂ ಇರುವುದಿಲ್ಲ, ಅಜ್ಜಿಯ ನಾಲಿಗೆಯಲ್ಲಿರುತ್ತವೆ.

ಹಳೆಯ ಮೊತ್ತ ಸಿಕ್ಕಿತೆನ್ನಿ. ಅಷ್ಟನ್ನೇ ವಾಪಸು ಕೊಟ್ಟರೆ ಲೆಕ್ಕ ಚುಕ್ತಾ ಮಾಡಿದಂತಾಗುತ್ತದೆ, ಅದನ್ನು ಹಿರಿಯರು ಒಳ್ಳೆಯ ಲಕ್ಷಣವೆಂದು ತಿಳಿಯುವುದಿಲ್ಲ. ಸ್ವಲ್ಪ ಸೇರಿಸಿ ಕೊಡುವುದು ವಾಡಿಕೆ. ಆ ಸೇರಿಸಿದ ಭಾಗ ಮುಂದಿನ ಬಾರಿ ಅವರು ನಿಮ್ಮ ಮನೆಗೆ ಬರುವಂತೆ ಮಾಡುತ್ತದೆ. ಹದಿನೈದು ಇಪ್ಪತ್ತು ವರ್ಷ ಕಳೆದಿದ್ದರೆ ಬೆಲೆಗಳು ಏರಿರುವುದನ್ನೂ ಗಮನಿಸಿ. ಅಂದು ಅವರು ಕೊಟ್ಟ 200 ರೂಪಾಯಿ ಅಂದಿನ ಅವರ ದುಡಿಮೆಯಲ್ಲಿ ಎಷ್ಟು ದಿನದ ಕೂಲಿಯಾಗಿತ್ತು ಎಂದು ಯೋಚಿಸಿದರೆ ಇಂದು ಎಷ್ಟು ಕೊಡಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಮೊತ್ತ ನಿರ್ಧರಿಸುವುದು

ಮೊದಲು ನಿಮ್ಮ ತಿಂಗಳ ಖರ್ಚು, ಆಮೇಲೆ ಸಂಬಂಧದ ಹತ್ತಿರ, ಆಮೇಲೆ ಹಳೆಯ ಮುಯ್ಯಿ. ಈ ಕ್ರಮ ತಪ್ಪಿಸಬೇಡಿ. ಮದುವೆಯ ಹಂಗಾಮಿನಲ್ಲಿ ಒಂದೇ ತಿಂಗಳಿಗೆ ಐದಾರು ಪತ್ರಿಕೆಗಳು ಬರುತ್ತವೆ. ಒಂದೊಂದಕ್ಕೂ ಪ್ರತ್ಯೇಕವಾಗಿ ಯೋಚಿಸಿದರೆ ಕೊನೆಯ ಮದುವೆಗೆ ಸಾಲ ಮಾಡಬೇಕಾಗುತ್ತದೆ. ಅಷ್ಟನ್ನೂ ಒಟ್ಟಿಗೆ ಹರಡಿಕೊಂಡು, ತಿಂಗಳಿಗೆ ಇಷ್ಟೇ ಎಂದು ಇಟ್ಟುಕೊಂಡು, ಹತ್ತಿರದವರಿಗೆ ಹೆಚ್ಚು ದೂರದವರಿಗೆ ಕಡಿಮೆ ಎಂದು ಹಂಚಿ.

ಊಟದ ಎಲೆಗೆ ಛತ್ರದವರು ಎಷ್ಟು ತೆಗೆದುಕೊಂಡಿರಬಹುದು ಎಂದು ಊಹಿಸಿ, ಮನೆಯಿಂದ ಬಂದ ತಲೆಗಳನ್ನು ಎಣಿಸಿ ಅದಕ್ಕೆ ಸರಿಯಾಗಿ ಮುಯ್ಯಿ ಹಾಕುವ ಲೆಕ್ಕವೊಂದು ಈಚೆಗೆ ಪೇಟೆಗಳಲ್ಲಿ ಕೇಳಿಬರುತ್ತಿದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಊಟ ಅವರು ನಿಮಗೆ ಮಾಡುವ ಸತ್ಕಾರ. ಅದಕ್ಕೆ ಬೆಲೆ ಕಟ್ಟಿ ಕೊಟ್ಟರೆ ಮದುವೆ ಮನೆಗೂ ಹೋಟೆಲಿಗೂ ವ್ಯತ್ಯಾಸ ಉಳಿಯುವುದಿಲ್ಲ. ಕೈ ಬಿಗಿಯಾಗಿರುವ ವರ್ಷ 101 ರೂಪಾಯಿ ಹಾಕಿ, ಆದರೆ ಹೋಗಿ. ಹಿಂದೆ ಹೆಚ್ಚು ಪಡೆದಿದ್ದೇವೆ, ಈಗ ಕಡಿಮೆ ಕೊಡಬೇಕಲ್ಲ ಎಂಬ ಸಂಕೋಚಕ್ಕೆ ಮದುವೆಯನ್ನೇ ತಪ್ಪಿಸಿಕೊಂಡವರಿಂದ ಸಂಬಂಧಗಳು ಕಳಚಿರುವುದನ್ನು ನೋಡಿದ್ದೇನೆ. ಕಡಿಮೆ ಕೊಟ್ಟಿದ್ದರಿಂದ ಕಳಚಿದ್ದನ್ನು ಕಂಡಿಲ್ಲ. ಬಾಕಿ ಇದೆ ಎನ್ನಿಸಿದರೆ ಆ ಮನೆಯ ಮುಂದಿನ ಶುಭಕಾರ್ಯಕ್ಕೆ ತೀರಿಸಬಹುದು.

ಮೊತ್ತ ಒಂದರಿಂದ ಮುಗಿಯಲಿ ಎಂಬುದು ರೂಢಿ: 101, 501, 1,001. ಸೊನ್ನೆಯಲ್ಲಿ ನಿಲ್ಲಿಸದೆ ಮುಂದುವರಿಯಲಿ ಎಂಬ ಹಾರೈಕೆ ಅದರಲ್ಲಿದೆ. ಒಂದು ರೂಪಾಯಿ ನಾಣ್ಯ ಅಂಟಿಸಿದ ಕವರುಗಳು ಅಂಗಡಿಗಳಲ್ಲಿ ಸಿಗುವುದರಿಂದ ಇದು ಸುಲಭ.

ಒಂದು ಒಲೆಗೆ ಒಂದು ಮುಯ್ಯಿ ಎಂಬುದನ್ನು ನೆನಪಿಡಿ. ಒಟ್ಟಿಗಿರುವ ಅಣ್ಣತಮ್ಮಂದಿರು ಒಂದೇ ಕವರು ಕೊಡಬಹುದು. ಬೇರೆ ಸಂಸಾರ ಹೂಡಿದ ಮೇಲೆ ಬೇರೆ ಬೇರೆ ಕೊಡಬೇಕು, ಬೇರೆ ಬೇರೆ ಬರೆಸಬೇಕು. ಕಚೇರಿಯವರೆಲ್ಲ ಸೇರಿ ಕೊಡುವಾಗ ತಲೆಗೆ ಇಷ್ಟೆಂದು ಗೊತ್ತುಮಾಡಿ ವಸೂಲಿ ಮಾಡುವುದು ಬೇಡ. ಮೇಜಿನ ಮೇಲೆ ಒಂದು ಕವರು ಇಟ್ಟು, ಇಷ್ಟವಿದ್ದಷ್ಟು ಹಾಕಲಿ ಎಂದು ಬಿಡಿ. ಹೆಸರುಗಳ ಚೀಟಿಯಲ್ಲಿ ಯಾರು ಎಷ್ಟು ಎಂದು ಬರೆಯಬೇಡಿ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನ ಮನಸ್ಸಿಗೆ ಅದರಿಂದ ಆಗುವ ನೋವು ನಮಗೆ ಗೊತ್ತಾಗುವುದೂ ಇಲ್ಲ.

ಹಣವೋ, ವಸ್ತುವೋ?

ಒಂದು ಕಾಲಕ್ಕೆ ಪಾತ್ರೆಯೇ ಮುಯ್ಯಿ. ಹೊಸ ಸಂಸಾರಕ್ಕೆ ಬೇಕಾದ ಕೊಡ, ತಪ್ಪಲೆ, ತಟ್ಟೆ, ಲೋಟಗಳು ಹೀಗೇ ಕೂಡಿಬರುತ್ತಿದ್ದವು. ಅಂಗಡಿಯಲ್ಲೇ ಕೊಟ್ಟವರ ಹೆಸರನ್ನೂ ತಾರೀಖನ್ನೂ ಚುಕ್ಕಿಚುಕ್ಕಿಯಾಗಿ ಕೆತ್ತಿಸಿ ತರುತ್ತಿದ್ದರು. ಅಡುಗೆ ಮನೆಯ ಅಟ್ಟದಲ್ಲಿ ಇಂದಿಗೂ ಇರುವ ಸ್ಟೀಲ್ ಡಬ್ಬಿಗಳ ಮೇಲೆ ತೀರಿಹೋದ ಅತ್ತೆಯರ, ಮಾವಂದಿರ ಹೆಸರುಗಳನ್ನು ಓದಬಹುದು. ವಸ್ತು ಕೊಡಲು ಮನಸ್ಸಿರುವವರಿಗೆ ನನ್ನ ಸಲಹೆ ಇಷ್ಟೇ: ಮೂವತ್ತು ವರ್ಷ ಬಾಳುವ, ದಿನವೂ ಕೈಗೆ ಬರುವ ಒಂದು ಸಾಧಾರಣ ವಸ್ತು ಕೊಡಿ, ಹೆಸರು ಕೆತ್ತಿಸಿ ಕೊಡಿ.

ಆದರೆ ಕೇಳದೆ ಕೊಡಬೇಡಿ. ಗೋಡೆ ಗಡಿಯಾರ, ದೇವರ ಪಟ, ಗಾಜಿನ ಲೋಟದ ಸೆಟ್ಟು, ಇವು ಒಂದೇ ಮದುವೆಗೆ ಹತ್ತಾರು ಬರುತ್ತವೆ. ವಧುವಿನ ಅಕ್ಕನಿಗೋ ವರನ ಗೆಳೆಯನಿಗೋ ಕರೆ ಮಾಡಿ, ಎಲ್ಲಿ ಮನೆ ಮಾಡುತ್ತಿದ್ದಾರೆ, ಏನಿದೆ, ಏನಿಲ್ಲ ಎಂದು ವಿಚಾರಿಸುವುದಕ್ಕೆ ಐದು ನಿಮಿಷ ಸಾಕು. ಬೇರೆ ಊರಿಗೋ ಬೇರೆ ದೇಶಕ್ಕೋ ಹೊರಟಿರುವ ದಂಪತಿಗೆ ಭಾರದ ವಸ್ತು ಹೊರೆಯಾಗುತ್ತದೆ. ಮಿಕ್ಸಿ, ಒಲೆ, ಫ್ರಿಜ್‌ನಂಥ ಸಾಮಾನುಗಳನ್ನು ಛತ್ರಕ್ಕೆ ತರಲೇಬೇಡಿ. ರಾತ್ರಿಯೊಳಗೆ ಛತ್ರ ಖಾಲಿ ಮಾಡುವ ಅವಸರದಲ್ಲಿ ಅವರ ಪಾಲಿಗೆ ಅದೊಂದು ಸಂಕಟ. ಮದುವೆಯ ನಂತರ ನೇರವಾಗಿ ಮನೆಗೆ ತಲುಪುವಂತೆ ಮಾಡಿ, ರಸೀದಿ ಮತ್ತು ವಾರಂಟಿ ಕಾರ್ಡನ್ನು ಜೊತೆಗಿಡಿ. ಬೆಲೆ ಕಾಣಬಾರದೆಂದು ರಸೀದಿಯನ್ನೇ ಎಸೆದುಬಿಟ್ಟರೆ ಕೆಟ್ಟಾಗ ದುರಸ್ತಿಗೆ ಆಧಾರವೇ ಇರುವುದಿಲ್ಲ. ಬೇಕಿದ್ದರೆ ಬೇರೆ ಕವರಿನಲ್ಲಿ ಹಾಕಿ ಅಂಟಿಸಿ ಕೊಡಿ.

ಚಿನ್ನ ಕೊಡುವವರು ಹಾಲ್‌ಮಾರ್ಕ್ ನೋಡಿ ಕೊಳ್ಳಬೇಕು. ಒಡವೆಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಚಿಹ್ನೆ, ಶುದ್ಧತೆಯ ಗುರುತು (22 ಕ್ಯಾರೆಟ್ ಆದರೆ 916), ಜೊತೆಗೆ ಅಕ್ಷರ ಮತ್ತು ಅಂಕಿ ಸೇರಿದ ಆರು ಸ್ಥಾನಗಳ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ ಇರಬೇಕು. ಹಾಲ್‌ಮಾರ್ಕ್ ಕಡ್ಡಾಯವಿರುವ ಚಿನ್ನದ ಒಡವೆಗಳನ್ನು 2023ರ ಏಪ್ರಿಲ್ 1ರಿಂದ ಅಂಗಡಿಗಳು ಈ ಸಂಖ್ಯೆಯಿಲ್ಲದೆ ಮಾರುವಂತಿಲ್ಲ. ಮೊಬೈಲಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ವಿವರ ತೆರೆದುಕೊಳ್ಳುತ್ತದೆ. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಹಾಗಾಗಿ ಪುಟ್ಟ ಮೂಗುಬೊಟ್ಟು, ಓಲೆ ಕೊಡುವಾಗ ನಂಬಿಕೆಯ ಅಂಗಡಿ ಮತ್ತು ಬಿಲ್ಲು ಎರಡೂ ಮುಖ್ಯ.

ಪತ್ರಿಕೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದಿದ್ದರೆ? ಅದನ್ನು ನಂಬಿ. ಬಲವಂತವಾಗಿ ಕೈಗೆ ಕವರು ತುರುಕುವುದು ಅವರ ಮಾತಿಗೆ ಬೆಲೆ ಕೊಡದಂತೆ. ತೀರಾ ಹತ್ತಿರದವರಾಗಿದ್ದು ಹಾಗೇ ಬಿಡಲು ಮನಸ್ಸಾಗದಿದ್ದರೆ, ಹೊಸ ಮನೆಗೆ ಮೊದಲ ಬಾರಿ ಹೋಗುವಾಗ ಏನಾದರೂ ಕೊಂಡೊಯ್ಯಿರಿ.

ಕವರಿನ ಮೇಲೆ ಏನು ಬರೆಯಬೇಕು

ಮುಯ್ಯಿ ಪುಸ್ತಕಗಳಲ್ಲಿ ಆಗುವ ಗೊಂದಲಗಳಿಗೆ ಹೆಚ್ಚಿನ ಪಾಲು ಕೊಟ್ಟವರೇ ಕಾರಣ. ‘ಮಂಜುನಾಥ ಮತ್ತು ಕುಟುಂಬ’ ಎಂದಷ್ಟೇ ಬರೆದರೆ ಒಂದೇ ಮದುವೆಗೆ ಬಂದ ನಾಲ್ಕು ಮಂಜುನಾಥರಲ್ಲಿ ಯಾರು? ಹೆಸರು, ಮನೆತನದ ಹೆಸರೋ ತಂದೆಯ ಹೆಸರೋ, ಊರು, ಯಾರ ಕಡೆಯವರು (‘ವಧುವಿನ ತಂದೆಯ ಸಹೋದ್ಯೋಗಿ’, ‘ವರನ ಸೋದರತ್ತೆಯ ಮಗ’), ಫೋನ್ ಸಂಖ್ಯೆ, ಇಷ್ಟನ್ನೂ ಬರೆಯಿರಿ. ಇದೇ ವಿವರದ ಚೀಟಿಯೊಂದನ್ನು ಕವರಿನ ಒಳಗೂ ಇಡಿ. ರಾತ್ರಿ ಕವರುಗಳನ್ನು ಒಡೆಯುವಾಗ ಹೊರಗಿನ ಕಾಗದ ಎಲ್ಲೋ, ನೋಟು ಎಲ್ಲೋ ಆಗುತ್ತದೆ.

ನೋಟಿಗೆ ಪಿನ್ನು ಹೊಡೆಯಬೇಡಿ, ಗೀಚಬೇಡಿ. ನೋಟಿನ ಹಾರ ಹಾಕುವ ಶೋಕಿಯೂ ಬೇಡ. ನೋಟುಗಳನ್ನು ಹಾರ ಮಾಡಲು, ಚಪ್ಪರ ಸಿಂಗರಿಸಲು ಬಳಸಬೇಡಿ ಎಂದು ರಿಸರ್ವ್ ಬ್ಯಾಂಕ್ ಜನರನ್ನು ಕೇಳಿಕೊಂಡಿದೆ. ಯುಪಿಐ ಮೂಲಕ ಹಾಕುವುದಾದರೆ ಟಿಪ್ಪಣಿಯ ಜಾಗದಲ್ಲಿ ‘ಮದುವೆ ಮುಯ್ಯಿ’ ಎಂದು ಬರೆದು, ಪರದೆಯ ಮೇಲೆ ಬಂದ ಹೆಸರು ಮದುವೆ ಮನೆಯವರದೇ ಎಂದು ನೋಡಿಕೊಂಡು ಕಳುಹಿಸಿ. ಆಮೇಲೆ ಮೇಜಿನ ಬಳಿ ಹೋಗಿ ಪುಸ್ತಕದಲ್ಲಿ ಬರೆಸುವುದನ್ನು ಮರೆಯಬೇಡಿ. ಬ್ಯಾಂಕಿನ ಪಟ್ಟಿಯಲ್ಲಿ ಇರುವುದು ನಿಮ್ಮ ಖಾತೆಯ ಹೆಸರು. ಆ ಹೆಸರಿನಿಂದ ನಿಮ್ಮನ್ನು ಗುರುತಿಸಲು ವರನ ಅಜ್ಜನಿಗೆ ಆಗಲಿಕ್ಕಿಲ್ಲ.

ಯಾವಾಗ, ಯಾರ ಕೈಗೆ

ಮುಯ್ಯಿ ಬರೆಯುವ ಮೇಜಿದ್ದರೆ ಅಲ್ಲಿ ಕೊಡುವುದೇ ಸರಿ. ವೇದಿಕೆಯ ಮೇಲೆ ಕೊಡುವುದಾದರೆ ವಧುವಿನ ಕಡೆಯವರು ವಧುವಿಗೆ, ವರನ ಕಡೆಯವರು ವರನಿಗೆ ಕೊಡಿ. ಎರಡು ಕಡೆಯ ಪುಸ್ತಕಗಳು ಬೇರೆ ಇರುತ್ತವೆ. ಹಾರೈಸಿ, ಫೋಟೊ ತೆಗೆಸಿಕೊಂಡು ಇಳಿಯಿರಿ. ಹಿಂದೆ ನಿಂತವರಲ್ಲಿ ಮಂಡಿ ನೋವಿನ ಹಿರಿಯರಿರುತ್ತಾರೆ. ಆರತಕ್ಷತೆಗೂ ಧಾರೆಗೂ ಎರಡಕ್ಕೂ ಹೋಗುವವರು ಒಂದು ಕಡೆ ಕೊಟ್ಟರೆ ಸಾಕು.

ಹೋಗಲಾಗದಿದ್ದರೆ ನಂಬಿಕಸ್ಥರ ಕೈಯಲ್ಲಿ ಕಳುಹಿಸಿ, ‘ಇಂಥವರ ಕೈಯಲ್ಲಿ ಕಳುಹಿಸಿದ್ದೇನೆ’ ಎಂದು ಮದುವೆ ಮನೆಗೆ ಒಂದು ಮಾತು ಹೇಳಿ. ತಂದವರು ಅದನ್ನು ತಮ್ಮ ಹೆಸರಿಗೆ ಸೇರಿಸದೆ ಕಳುಹಿಸಿದವರ ಹೆಸರಿಗೇ ಬರೆಸಬೇಕು. ತಡವಾಯಿತೆಂದು ಸುಮ್ಮನಾಗುವುದಕ್ಕಿಂತ ಎರಡು ತಿಂಗಳ ನಂತರವಾದರೂ ಮನೆಗೆ ಹೋಗಿ ಕೊಡುವುದು ಮೇಲು. ಆಗ ಅವರಿಗೂ ಕೂತು ಮಾತನಾಡಲು ಬಿಡುವಿರುತ್ತದೆ.

ಎರಡನೆಯ ಭಾಗ: ಪಡೆಯುವವರಿಗೆ

ಮೇಜಿಗೆ ಇಬ್ಬರು

ಮುಯ್ಯಿ ಬರೆಯುವ ಕೆಲಸವನ್ನು ಮದುವೆಯ ಬೆಳಿಗ್ಗೆ ಕೈಗೆ ಸಿಕ್ಕವರಿಗೆ ಒಪ್ಪಿಸಬಾರದು. ಒಂದು ವಾರ ಮುಂಚೆಯೇ ಇಬ್ಬರನ್ನು ಗೊತ್ತುಮಾಡಿ: ಒಬ್ಬರು ನೆಂಟರಿಷ್ಟರನ್ನೆಲ್ಲ ಮುಖ ನೋಡಿ ಗುರುತಿಸುವ ಹಿರಿಯರು, ಇನ್ನೊಬ್ಬರು ದುಂಡಾದ ಅಕ್ಷರದಲ್ಲಿ ಬೇಗ ಬರೆಯಬಲ್ಲ ಕಿರಿಯರು. ಒಬ್ಬರು ಊಟಕ್ಕೆ ಎದ್ದಾಗಲೂ ಮೇಜು ಖಾಲಿ ಬೀಳಬಾರದು. ಬೀಗವಿರುವ ಚೀಲ ಅಥವಾ ಪೆಟ್ಟಿಗೆ ಮೇಜಿನ ಕೆಳಗಿರಲಿ. ಚೀಲ ತುಂಬಿದಂತೆ ಹಣವನ್ನು ಮನೆಯ ಒಬ್ಬರೇ ಬಂದು ಎಣಿಸಿ, ಪುಸ್ತಕದಲ್ಲಿ ಸಹಿ ಹಾಕಿ ಒಯ್ಯಲಿ. ಇದು ಅಪನಂಬಿಕೆಯ ಮಾತಲ್ಲ. ನಾಳೆ ಲೆಕ್ಕ ತಪ್ಪಿದರೆ ಉಪಕಾರ ಮಾಡಲು ಕೂತವರ ಮೇಲೆ ಅನುಮಾನ ಬರದಿರಲೆಂದು ಈ ಎಚ್ಚರ.

ಪುಸ್ತಕ ದಪ್ಪ ರಟ್ಟಿನದಾಗಿರಲಿ, ಬಿಡಿ ಹಾಳೆ ಬೇಡ. ಮೊದಲ ಪುಟದಲ್ಲಿ ವಧುವರರ ಹೆಸರು, ತಾರೀಖು, ಸ್ಥಳ ಬರೆದು ಈ ಕಾಲಂಗಳನ್ನು ಮೊದಲೇ ಗೆರೆ ಹಾಕಿಟ್ಟುಕೊಳ್ಳಿ:

1. ಕ್ರಮಸಂಖ್ಯೆ (ಇದನ್ನೇ ಕವರಿನ ಮೇಲೂ ಪೊಟ್ಟಣದ ಮೇಲೂ ಬರೆಯಬೇಕು)
2. ಕೊಟ್ಟವರ ಹೆಸರು, ಊರು, ಫೋನ್
3. ಸಂಬಂಧ ಅಥವಾ ಪರಿಚಯ
4. ಯಾರಿಗೆ: ವಧುವಿಗೆ, ವರನಿಗೆ, ಇಬ್ಬರಿಗೂ
5. ನಗದು, ಯುಪಿಐ ಅಥವಾ ವಸ್ತುವಿನ ವಿವರ, ಅಂದಾಜು ಬೆಲೆ
6. ಕೃತಜ್ಞತೆ ತಿಳಿಸಿದ ಗುರುತು

ನಾಲ್ಕನೆಯ ಕಾಲಂ ಹಳೆಯ ಪುಸ್ತಕಗಳಲ್ಲಿ ಇರುವುದಿಲ್ಲ. ಅದು ಏಕೆ ಬೇಕೆಂದು ಮುಂದೆ ಹೇಳುತ್ತೇನೆ.

ಅಂಟಿಸಿದ ಕವರನ್ನು ಕೊಟ್ಟವರ ಎದುರಿಗೇ ಹರಿದು ಎಣಿಸುವುದು ಕೆಲವು ಕಡೆ ರೂಢಿ, ಕೆಲವು ಕಡೆ ಅವಮಾನ. ನಿಮ್ಮ ಕಡೆಯ ಪದ್ಧತಿ ಯಾವುದೋ ಅದನ್ನು ಪಾಲಿಸಿ. ಒಡೆಯದಿದ್ದರೆ ಕ್ರಮಸಂಖ್ಯೆ ಹಾಕಿ ಚೀಲಕ್ಕೆ ಸೇರಿಸಿ, ಮೊತ್ತದ ಜಾಗ ಖಾಲಿ ಬಿಡಿ. ಅಂದು ರಾತ್ರಿಯೋ ಮರುದಿನವೋ ಮನೆಯ ಇಬ್ಬರು ಕೂತು ಒಂದೊಂದೇ ಕವರು ಒಡೆದು ತುಂಬಲಿ. ಒಂದು ಕವರಿನ ಹಣ ಪುಸ್ತಕಕ್ಕೆ ಏರುವ ತನಕ ಇನ್ನೊಂದನ್ನು ಒಡೆಯಬೇಡಿ, ಎಲ್ಲ ಮುಗಿಯುವ ತನಕ ಖಾಲಿ ಕವರುಗಳನ್ನು ಎಸೆಯಬೇಡಿ. ಮೇಜಿನ ಮೇಲೆ ಕ್ಯೂಆರ್ ಕೋಡ್ ಇಡುವುದಾದರೆ ನಡುನಡುವೆ ಅದು ನಿಮ್ಮದೇ ಎಂದು ನೋಡಿಕೊಳ್ಳಿ. ಮೇಲೆ ಬೇರೆ ಕೋಡ್ ಅಂಟಿಸಿ ಮೋಸ ಮಾಡುವವರಿದ್ದಾರೆ.

ಆಯೇರಿಯಲ್ಲಿ ಬೀಗರಿಗೂ ಹತ್ತಿರದವರಿಗೂ ಬಟ್ಟೆ ಕೊಟ್ಟು ಪಡೆಯುವುದು ಎರಡೂ ಕಡೆಯಿಂದ ನಡೆಯುತ್ತದೆ. ಅಲ್ಲಿ ಯಾರಿಗೆ ಸೀರೆ, ಯಾರಿಗೆ ಪಂಚೆ ಶಲ್ಯ ಎಂಬ ಪಟ್ಟಿಯನ್ನು ಮನೆಯ ಹೆಂಗಸರು ಮುಂಚೆಯೇ ಕೂತು ಬರೆದು, ಪ್ರತಿ ಕಟ್ಟಿನ ಮೇಲೆ ಹೆಸರಿನ ಚೀಟಿ ಅಂಟಿಸಿಡಬೇಕು. ನಾಲ್ಕೈದು ಜೊತೆ ಬಟ್ಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಬಿಟ್ಟುಹೋದ ಅತ್ತಿಗೆಯೊಬ್ಬರು ಯಾವಾಗಲೂ ಇರುತ್ತಾರೆ.

ವಧುವರರ ಸಹಿಯ ಪಟ್ಟಿ

ಇದು ನಮ್ಮಲ್ಲಿ ಬಹುತೇಕ ಯಾರೂ ಮಾಡದ, ಮಾಡಲೇಬೇಕಾದ ಕೆಲಸ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಸಾಮಾನ್ಯವಾಗಿ ಕನಿಷ್ಠ 5 ವರ್ಷ ಸೆರೆವಾಸ. ದಂಡ ಕನಿಷ್ಠ 15,000 ರೂಪಾಯಿ ಅಥವಾ ವರದಕ್ಷಿಣೆಯ ಮೌಲ್ಯ, ಎರಡರಲ್ಲಿ ಯಾವುದು ಹೆಚ್ಚೋ ಅದು. ಆದರೆ ಯಾರೂ ಕೇಳದೆ, ಮದುವೆಯ ಸಮಯದಲ್ಲಿ ವಧುವಿಗೋ ವರನಿಗೋ ಬಂದ ಉಡುಗೊರೆಗಳನ್ನು ಕಾಯ್ದೆ ಇದರಿಂದ ಹೊರಗಿಡುತ್ತದೆ, ಅವು ಪಟ್ಟಿಯಲ್ಲಿ ದಾಖಲಾಗಿರಬೇಕು ಎಂಬ ಷರತ್ತಿನ ಮೇಲೆ. ವಧುವಿನ ಕಡೆಯವರು ವರನಿಗೆ ಕೊಟ್ಟದ್ದಾದರೆ ಅದು ವಾಡಿಕೆಯ ಉಡುಗೊರೆಯಾಗಿರಬೇಕು, ಅವರ ಹಣಕಾಸಿನ ಸ್ಥಿತಿಗೆ ಮೀರಿದ್ದಾಗಿರಬಾರದು.

ಆ ಪಟ್ಟಿ ಹೇಗಿರಬೇಕೆಂದು 1985ರ ನಿಯಮಗಳು ಹೇಳುತ್ತವೆ. ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧು ಇಟ್ಟುಕೊಳ್ಳಬೇಕು, ವರನಿಗೆ ಬಂದವುಗಳ ಪಟ್ಟಿಯನ್ನು ವರ. ಮದುವೆಯ ಸಮಯದಲ್ಲೇ ಅಥವಾ ಆದಷ್ಟು ಬೇಗ ಅದನ್ನು ಬರಹದಲ್ಲಿ ಸಿದ್ಧಪಡಿಸಬೇಕು. ಪ್ರತಿ ಉಡುಗೊರೆಯ ಚಿಕ್ಕ ವಿವರಣೆ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರು ನೆಂಟರಾಗಿದ್ದರೆ ಸಂಬಂಧ ಏನು ಎಂಬುದು ಇರಬೇಕು. ಕೊನೆಯಲ್ಲಿ ವಧು ವರ ಇಬ್ಬರೂ ಸಹಿ ಹಾಕಬೇಕು. ಮುಯ್ಯಿ ಪುಸ್ತಕ ಸರಿಯಾಗಿ ಬರೆದಿದ್ದರೆ ಈ ವಿವರವೆಲ್ಲ ಆಗಲೇ ಅಲ್ಲಿರುತ್ತದೆ. ನಾಲ್ಕನೆಯ ಕಾಲಂ ನೋಡಿಕೊಂಡು ಎರಡು ಪಟ್ಟಿಯಾಗಿ ಬಿಡಿಸಿ ಬರೆದರೆ ಮುಗಿಯಿತು. ಒಡವೆಗಳಿಗೆ ತೂಕವನ್ನೂ ಬಿಲ್ಲಿನ ಸಂಖ್ಯೆಯನ್ನೂ ಸೇರಿಸಿ, ಪ್ರತಿಯೊಂದರ ಫೋಟೊ ತೆಗೆದಿಡಿ.

‘ಮದುವೆ ಮನೆಯಲ್ಲಿ ಕಾನೂನಿನ ಮಾತೇಕೆ, ಅಪಶಕುನ’ ಎನ್ನುವ ಹಿರಿಯರಿಗೆ ನಾನು ಹೇಳುವುದಿಷ್ಟು: ಮುಯ್ಯಿ ಬರೆಯುವ ಮೇಜನ್ನು ಹಾಕಿದವರು ನೀವೇ, ಬರೆದಿಡುವುದು ನಿಮ್ಮದೇ ಪದ್ಧತಿ. ಹೆಣ್ಣುಮಗಳಿಗೆ ಬಂದದ್ದು ಅವಳದು. ಅವಳ ಸ್ತ್ರೀಧನದ ಮೇಲೆ ಗಂಡನಿಗಾಗಲಿ ಅತ್ತೆ ಮಾವಂದಿರಿಗಾಗಲಿ ಒಡೆತನವಿಲ್ಲ, ಅವರ ವಶದಲ್ಲಿದ್ದರೂ ಅದು ನಂಬಿ ಇಡಲು ಕೊಟ್ಟದ್ದಷ್ಟೇ ಎಂದು ಸುಪ್ರೀಂ ಕೋರ್ಟ್ 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ‘ಬ್ಯಾಂಕ್ ಲಾಕರಿನಲ್ಲಿಡುತ್ತೇವೆ ಕೊಡಮ್ಮಾ’ ಎಂದು ಮದುವೆಯ ರಾತ್ರಿಯೇ ಒಡವೆ ಬಿಚ್ಚಿಸಿಕೊಳ್ಳುವ ಮನೆಗಳಿವೆ. ಇಡುವುದಾದರೆ ಅವಳ ಹೆಸರಿನ ಲಾಕರಿನಲ್ಲಿ ಇಡಿ. ಇನ್ನು, ‘ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವು ಕೊಡುವುದು’ ಎಂಬ ಮಾತಿನ ಹಿಂದೆ ಪಟ್ಟಿಯೊಂದು ಬಂದರೆ ಅದು ಉಡುಗೊರೆಯಲ್ಲ, ಬೇಡಿಕೆ. ಅದಕ್ಕೆ ಮುಯ್ಯಿಯ ಹೆಸರು ಕೊಡಬೇಡಿ.

ತೆರಿಗೆ ಮತ್ತು ನಗದು

ಮದುವೆಯ ಸಂದರ್ಭದಲ್ಲಿ ವಧುವಿಗೆ ಅಥವಾ ವರನಿಗೆ ಬಂದ ಉಡುಗೊರೆಗೆ, ಯಾರೇ ಕೊಟ್ಟಿರಲಿ, ಎಷ್ಟೇ ಇರಲಿ, ಆದಾಯ ತೆರಿಗೆಯಿಲ್ಲ. ಈ ವಿನಾಯಿತಿ ಮದುವೆಯಾಗುತ್ತಿರುವವರಿಗೆ ಮಾತ್ರ. ಅಪ್ಪ ಅಮ್ಮನ ಹೆಸರಿಗೆ ಬಂದ ಹಣಕ್ಕೆ ಇದು ಅನ್ವಯಿಸುವುದಿಲ್ಲ. ಕಾನೂನಿನ ವ್ಯಾಖ್ಯೆಯ ಸಂಬಂಧಿಕರಲ್ಲದವರಿಂದ ಒಂದು ಹಣಕಾಸು ವರ್ಷದಲ್ಲಿ 50,000 ರೂಪಾಯಿಗಿಂತ ಹೆಚ್ಚು ಬಂದರೆ ಅಷ್ಟೂ ಮೊತ್ತ ಅವರ ಆದಾಯಕ್ಕೆ ಸೇರುತ್ತದೆ. ಒಡಹುಟ್ಟಿದವರು, ತಂದೆ ತಾಯಿಯ ಒಡಹುಟ್ಟಿದವರು ಆ ವ್ಯಾಖ್ಯೆಯಲ್ಲಿದ್ದಾರೆ. ಚಿಕ್ಕಪ್ಪನ ಮಗ, ಸೋದರಮಾವನ ಮಗ ಇಲ್ಲ. ಆದ್ದರಿಂದ ಪುಸ್ತಕದಲ್ಲಿ ಯಾರಿಗೆ ಕೊಟ್ಟದ್ದೆಂದು ಬರೆಯುವುದು ಇಲ್ಲೂ ಉಪಯೋಗಕ್ಕೆ ಬರುತ್ತದೆ. ಬ್ಯಾಂಕಿಗೆ ಹಾಕಿದ ಮೇಲೆ ಆ ಹಣದಿಂದ ಬರುವ ಬಡ್ಡಿಗೆ ಮಾತ್ರ ಎಂದಿನಂತೆ ತೆರಿಗೆಯ ನಿಯಮಗಳಿವೆ.

ಒಂದು ಸಮಾರಂಭಕ್ಕೆ ಸಂಬಂಧಿಸಿ ಒಬ್ಬ ವ್ಯಕ್ತಿಯಿಂದ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ದೊಡ್ಡ ಮೊತ್ತ ಕೊಡುವ ಸೋದರಮಾವನಿಗೆ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ ಮಾಡಲು ಮುಂಚೆಯೇ ಹೇಳಿಬಿಡಿ. ನಿವೇಶನ, ಮನೆ ಕೊಡುವವರು ನೋಂದಾಯಿತ ದಾನಪತ್ರ ಮಾಡಿಸಬೇಕು, ಬಾಯಿ ಮಾತಿನ ದಾನ ಉಳಿಯುವುದಿಲ್ಲ.

ಈ ಹಣ ಯಾರದು?

ಮನಸ್ತಾಪಗಳು ಇಲ್ಲಿಂದ ಹುಟ್ಟುತ್ತವೆ. ಮದುಮಕ್ಕಳು ತಮಗೆ ಬಂದದ್ದು ಎಂದುಕೊಳ್ಳುತ್ತಾರೆ. ತಂದೆ ತಾಯಿ ತಾವು ಮೂವತ್ತು ವರ್ಷ ಊರೂರು ತಿರುಗಿ ಹಾಕಿದ ಮುಯ್ಯಿ ಈಗ ಮರಳಿ ಬಂದಿದೆ, ಅದರಿಂದ ಅಡುಗೆಯವರ ಬಾಕಿ ತೀರಿಸಬೇಕು ಎಂದುಕೊಳ್ಳುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಮದುವೆಗೆ ತಿಂಗಳ ಮುಂಚೆಯೇ ಮನೆಯವರೆಲ್ಲ ಕೂತು ಮಾತನಾಡಿ: ಗೆಳೆಯರು, ಸಹೋದ್ಯೋಗಿಗಳು ಕೊಟ್ಟದ್ದು ಮಕ್ಕಳಿಗೆ, ಹಳೆಯ ನೆಂಟಸ್ತಿಕೆಯ ಮುಯ್ಯಿ ಮದುವೆಯ ಖರ್ಚಿಗೆ ಎಂದು ಮಾಡಿಕೊಂಡ ಮನೆಗಳಲ್ಲಿ ತಕರಾರು ಕಡಿಮೆ. ಆದರೆ ವಧುವಿನ ಹೆಸರಿಗೆ ಬಂದದ್ದನ್ನು ಅವಳ ಒಪ್ಪಿಗೆಯಿಲ್ಲದೆ ಈ ಲೆಕ್ಕಕ್ಕೆ ಎಳೆಯಬೇಡಿ. ಒಂದು ಮಾತು ಇನ್ನೂ ಮುಖ್ಯ: ಯಾರು ಹಣ ಇಟ್ಟುಕೊಳ್ಳುತ್ತಾರೋ ಮುಂದೆ ಮುಯ್ಯಿ ತೀರಿಸುವ ಹೊಣೆಯೂ ಅವರದೇ.

ಕೃತಜ್ಞತೆ

ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆಯ ತಾಂಬೂಲ ಕೊಟ್ಟು ಕಳುಹಿಸುವುದು ಬಂದವರೆಲ್ಲರಿಗೂ ಸಲ್ಲುವ ಮರ್ಯಾದೆ. ಕೊಟ್ಟದ್ದನ್ನು ನೋಡಿದ್ದೇವೆ ಎಂದು ತಿಳಿಸುವುದು ಬೇರೆ. ಒಂದು ತಿಂಗಳೊಳಗೆ ಪುಸ್ತಕ ಹಿಡಿದು ದಿನಕ್ಕೆ ಹತ್ತು ಜನರಂತೆ ಮಾತನಾಡಿ. ಹಿರಿಯರಿಗೆ ಕರೆ ಮಾಡಿ, ಗೆಳೆಯರಿಗೆ ಸಂದೇಶ ಸಾಕು. ಎಲ್ಲರಿಗೂ ಒಂದೇ ಸಂದೇಶ ಕಳುಹಿಸಬೇಡಿ. ‘ನೀವು ಕೊಟ್ಟ ಕುಕ್ಕರಿನಲ್ಲಿ ಇವತ್ತು ಅನ್ನ ಮಾಡಿದೆವು’ ಎಂಬ ಒಂದು ಸಾಲು ಕೊಟ್ಟವರಿಗೆ ಬಹಳ ದಿನ ನೆನಪಿರುತ್ತದೆ. ಹಣದ ಮೊತ್ತ ಎತ್ತಬೇಡಿ. 101 ಕೊಟ್ಟವರಿಗೂ 10,001 ಕೊಟ್ಟವರಿಗೂ ಒಂದೇ ಧ್ವನಿಯಲ್ಲಿ ಮಾತನಾಡಿ.

ಹೆಚ್ಚಾಗಿ ಬಂದ ಗಡಿಯಾರಗಳನ್ನು ಬೇರೆಯವರಿಗೆ ಕೊಡುವುದು ತಪ್ಪಲ್ಲ. ಆದರೆ ಅದೇ ಬಳಗದೊಳಗೆ ಸುತ್ತಿಸಬೇಡಿ, ಒಳಗಿನ ಹೆಸರಿನ ಚೀಟಿ ತೆಗೆಯದೆ ಕೊಡಬೇಡಿ. ಊರಿನ ಶಾಲೆಗೋ ಅಂಗನವಾಡಿಗೋ ಕೊಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ವಸ್ತು ಒಡೆದು ಬಂದಿದ್ದರೆ ಕೊಟ್ಟವರಿಗೆ ಹೇಳಿ ನೋಯಿಸಬೇಡಿ, ಅಂಗಡಿಯವರೇ ನೇರವಾಗಿ ತಲುಪಿಸಿದ್ದಾದರೆ ಮಾತ್ರ ಹೇಳಿ. ಮದುವೆ ನಡೆಯುವ ಮೊದಲೇ ಮುರಿದುಬಿದ್ದರೆ, ಮುಂಚಿತವಾಗಿ ಬಂದ ಎಲ್ಲ ಉಡುಗೊರೆಗಳನ್ನೂ ಕೊಟ್ಟವರು ಕೇಳುವ ಮುನ್ನವೇ ಹಿಂದಿರುಗಿಸಬೇಕು.

ಪುಸ್ತಕವನ್ನು ಉಳಿಸುವುದು, ಮುಯ್ಯಿ ತೀರಿಸುವುದು

ಪುಸ್ತಕದ ಪ್ರತಿ ಪುಟದ ಫೋಟೊ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿಡಿ. ವಾರದೊಳಗೆ ಒಮ್ಮೆ ಕುಳಿತು ಗೊತ್ತಿಲ್ಲದ ಹೆಸರುಗಳನ್ನು ಹಿರಿಯರಿಂದ ಕೇಳಿ ತಿಳಿದು ಪಕ್ಕದಲ್ಲಿ ಬರೆಯಿರಿ. ತಡ ಮಾಡಿದರೆ ‘ಕೆಂಪು ಅಂಗಿ, ಮೀಸೆಯವರು’ ಎಂಬ ಗುರುತು ಯಾರಿಗೂ ಉಪಯೋಗವಾಗುವುದಿಲ್ಲ. ಮೂಲ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮನೆಪತ್ರಗಳ ಜೊತೆ ಇಡಿ. ಪ್ರತಿ ಬಾರಿ ಮುಯ್ಯಿ ತೀರಿಸಿದಾಗ ಆ ಹೆಸರಿನ ಎದುರಿಗೆ ತಾರೀಖು, ಸಂದರ್ಭ, ಮೊತ್ತ ಬರೆಯಿರಿ. ಹೆಸರನ್ನು ಹೊಡೆದುಹಾಕಬೇಡಿ.

ಅಣ್ಣತಮ್ಮಂದಿರು ಪಾಲಾಗುವಾಗ ಜಮೀನು, ಮನೆ, ಪಾತ್ರೆಗಳ ಬಗ್ಗೆ ಮಾತಾಗುತ್ತದೆ, ಮುಯ್ಯಿಯ ಮಾತೇ ಬರುವುದಿಲ್ಲ. ಅಪ್ಪನ ಕಾಲದಲ್ಲಿ ಪಡೆದದ್ದನ್ನು ಯಾವ ಮನೆಗೆ ಯಾರು ತೀರಿಸುವುದೆಂದು ಅಂದೇ ಹಂಚಿಕೊಂಡು ಪುಸ್ತಕದ ಪ್ರತಿ ಮಾಡಿಕೊಳ್ಳಿ. ಇಲ್ಲವಾದರೆ ಒಬ್ಬ ತೀರಿಸುತ್ತಾನೆಂದು ಇನ್ನೊಬ್ಬ ಸುಮ್ಮನಿರುತ್ತಾನೆ.

ಕೊಟ್ಟ ಮನೆಯಲ್ಲಿ ಮದುವೆಯೇ ಇಲ್ಲದಿದ್ದರೆ? ಮಕ್ಕಳಿಲ್ಲದ ದಂಪತಿ, ಮದುವೆಯಾಗದ ಚಿಕ್ಕಮ್ಮ, ಮಕ್ಕಳೆಲ್ಲ ಹೊರದೇಶದಲ್ಲಿ ಮದುವೆಯಾದ ಮೇಷ್ಟರು, ಎಲ್ಲರ ಮದುವೆಗೂ ಕವರು ಹಿಡಿದು ಬಂದು ಒಮ್ಮೆಯೂ ಮರಳಿ ಪಡೆಯದವರು ಇಂಥವರೇ. ಪುಸ್ತಕದಲ್ಲಿ ಅವರ ಹೆಸರಿಗೆ ಬೇರೆ ಗುರುತು ಹಾಕಿಟ್ಟುಕೊಳ್ಳಿ. ಅವರ ಮನೆಯ ಗೃಹಪ್ರವೇಶಕ್ಕೆ, ಷಷ್ಟ್ಯಬ್ದಿಗೆ, ಊರಿನ ಹಬ್ಬಕ್ಕೆ ಸೀರೆ ಪಂಚೆ ಹಿಡಿದು ಹೋಗಿ. ಆಸ್ಪತ್ರೆಯಲ್ಲಿದ್ದಾರೆಂದು ಕೇಳಿದ ದಿನ ಅಲ್ಲಿಯ ಬಿಲ್ಲಿಗೆ ನಿಮ್ಮ ಪಾಲು ಕಟ್ಟಿ, ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ತಾರೀಖು ಹಾಕಿ ಬರೆಯಿರಿ.